ಸಮುದಾಯ ಶುಶ್ರೂಷಾ ಕೇಂದ್ರಗಳು: ಆನೆಗೊಂದಿ ಮತ್ತು ಕೊಪ್ಪಳ ಸೀಮೆ

ವೈದ್ಯರು ಕಾಯಂ ಆಗಿ ಇಲ್ಲದ ಕಡೆ ದಾದಿಯೇ ಮುಂದೆ ನಿಂತು ನಡೆಸುವ ಆರೋಗ್ಯ ಸೇವೆಯ ನೆಲೆಗೆ ಸಮುದಾಯ ಶುಶ್ರೂಷಾ ಕೇಂದ್ರ ಎಂದು ಹೆಸರು. ಬಾಗಿಲಿಗೆ ಬಂದವರಿಗೆ ಗುಳಿಗೆ ಕೊಡುವುದು, ಗಾಯಕ್ಕೆ ಪಟ್ಟಿ ಕಟ್ಟುವುದು ಅದರ ಒಂದು ಕೆಲಸ. ಬಾರದೆ ಮನೆಯಲ್ಲೇ ಉಳಿದವರನ್ನು ಹುಡುಕಿಕೊಂಡು ಹೋಗುವುದು ಇನ್ನೊಂದು. ಬಸುರಿ ಬಾಣಂತಿಯರ ಆರೈಕೆ, ಲಸಿಕೆ, ಕುಡಿಯುವ ನೀರಿನ ಮೇಲೆ ಕಣ್ಣು, ಬಿಪಿ ಸಕ್ಕರೆ ತಪಾಸಣೆ, ಊಟ ಉಪಚಾರದ ತಿಳಿವಳಿಕೆ ಎಲ್ಲವೂ ಈ ಎರಡನೆಯ ಕೆಲಸಕ್ಕೆ ಸೇರುತ್ತವೆ. ಕರ್ನಾಟಕದ ಹಳ್ಳಿಗಳಲ್ಲಿ ಇದು ಬಹುಕಾಲ ಆರೋಗ್ಯ ಉಪಕೇಂದ್ರದ ಹೆಸರಿನಲ್ಲಿ ನಡೆಯಿತು. 2018ರ ಆಯುಷ್ಮಾನ್ ಭಾರತ ಯೋಜನೆಯಲ್ಲಿ ಅದೇ ಕಟ್ಟಡ ಆರೋಗ್ಯ ಮತ್ತು ಕ್ಷೇಮ ಕೇಂದ್ರವಾಯಿತು, 2023ರಿಂದ ಆಯುಷ್ಮಾನ್ ಆರೋಗ್ಯ ಮಂದಿರ ಎನಿಸಿಕೊಂಡಿದೆ. ಜನರ ಬಾಯಲ್ಲಿ ಮಾತ್ರ ಅದು ಹಿಂದೆಯೂ ಈಗಲೂ ಸಿಸ್ಟರ ದವಾಖಾನಿ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳು ಮತ್ತು ತುಂಗಭದ್ರೆಯ ಎಡದಂಡೆಯ ಆನೆಗೊಂದಿ ಈ ಲೇಖನದ ವ್ಯಾಪ್ತಿ. ಇಷ್ಟು ಸಣ್ಣ ಸೀಮೆಯ ತಾಯಂದಿರ ಆರೋಗ್ಯದ ಬಗ್ಗೆ, ದಾದಿಯರ ಕೆಲಸದ ಬಗ್ಗೆ ಕಳೆದ ಕಾಲು ಶತಮಾನದಲ್ಲಿ ಸಾಕಷ್ಟು ಅಧ್ಯಯನ ನಡೆದಿದೆ.

ನೆಲ ಮತ್ತು ಜನ

ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದ ಈ ಭಾಗ 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯಾಯಿತು. ಆಗ ಇದ್ದ ತಾಲ್ಲೂಕುಗಳು ನಾಲ್ಕು; ಕನಕಗಿರಿ, ಕಾರಟಗಿ, ಕುಕನೂರು ಆಮೇಲೆ ಹುಟ್ಟಿದವು. 2011ರ ಜನಗಣತಿಯ ಪ್ರಕಾರ ಜಿಲ್ಲೆಯ ಜನಸಂಖ್ಯೆ ಸುಮಾರು 13.9 ಲಕ್ಷ, ಅದರಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಹಳ್ಳಿಗರು.

ಒಂದೇ ಜಿಲ್ಲೆಯಾದರೂ ಎರಡು ನಾಡು. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಮುಗಿದ ಮೇಲೆ ಎಡದಂಡೆ ಕಾಲುವೆಯ ನೀರು ಹರಿದ ಗಂಗಾವತಿ, ಕಾರಟಗಿ ಕಡೆ ಭತ್ತದ ಸೀಮೆಯಾಯಿತು. ಆಂಧ್ರದಿಂದ ಬಂದವರ ಕ್ಯಾಂಪುಗಳು, ಅಕ್ಕಿ ಗಿರಣಿಗಳು, ವರ್ಷಕ್ಕೆ ಎರಡು ಬೆಳೆ, ಕೈತುಂಬ ಕೂಲಿ. ಇತ್ತ ಕುಷ್ಟಗಿ, ಯಲಬುರ್ಗಾ ಎರೆ ಮತ್ತು ಮಸಾರಿ ಹೊಲಗಳ ಬೆದ್ದಲು ನಾಡು. ಮಳೆ ಕೈಕೊಟ್ಟ ವರ್ಷ ಬಿತ್ತಿದ್ದೂ ಬರದು. ಸಂಸಾರ ಕಟ್ಟಿಕೊಂಡು ಬೆಂಗಳೂರು, ಮಂಗಳೂರು, ಗೋವಾ ಕಡೆ ಗುಳೆ ಹೋಗುತ್ತಾರೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ಈ ಎರಡೂ ಇವೆ.

ಆರೋಗ್ಯ ಇಲಾಖೆಯ ಲೆಕ್ಕದಲ್ಲಿ ಈ ಭೇದ ಇಲ್ಲ. ಬಯಲು ಸೀಮೆಯಲ್ಲಿ 5,000 ಜನಕ್ಕೊಂದು ಉಪಕೇಂದ್ರ, 30,000 ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬ ಅಳತೆ ಕಾರಟಗಿಯ ಕ್ಯಾಂಪಿಗೂ ಒಂದೇ, ಕುಷ್ಟಗಿಯ ತಾಂಡಾಕ್ಕೂ ಒಂದೇ. ತಲೆ ಎಣಿಸಿ ಹಾಕಿದ ಈ ಅಳತೆ ದೂರವನ್ನೂ ಹಂಗಾಮನ್ನೂ ಅಳೆಯುವುದಿಲ್ಲ. ಇಲ್ಲಿ ಸೇವೆ ಎಲ್ಲೆಲ್ಲಿ ತಪ್ಪಿದೆಯೋ ಅಲ್ಲೆಲ್ಲ ಬಹುತೇಕ ಈ ಎರಡರಲ್ಲಿ ಒಂದು ಕಾರಣವಾಗಿರುತ್ತದೆ.

ಹಿನ್ನೆಲೆ

ಮನೆಗೆ ಹೋಗಿ ಶುಶ್ರೂಷೆ ಮಾಡುವ ವ್ಯವಸ್ಥೆಗೆ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ 1859ರಲ್ಲಿ ವಿಲಿಯಂ ರಾತ್‌ಬೋನ್ ಮೊದಲಿಟ್ಟರು. ನ್ಯೂಯಾರ್ಕಿನ ವಲಸಿಗರ ಕೇರಿಯಲ್ಲಿ ಲಿಲಿಯನ್ ವಾಲ್ಡ್ 1893ರಲ್ಲಿ ಇದೇ ಕೆಲಸಕ್ಕೆ ಕೈಹಾಕಿ ಹೆನ್ರಿ ಸ್ಟ್ರೀಟ್ ನೆಲೆಯನ್ನು ಕಟ್ಟಿದರು. ಅಮೆರಿಕದಲ್ಲಿ ದಾದಿಯರೇ ನಡೆಸುವ ಕೇಂದ್ರಗಳು ವಿಮೆ ಇಲ್ಲದ ಬಡವರಿಗಾಗಿ ಹುಟ್ಟಿಕೊಂಡವು. ಭಾರತದ ದಾರಿ ಬೇರೆ. ಇಲ್ಲಿ ಸರ್ಕಾರವೇ ದಾದಿಯನ್ನು ಹಳ್ಳಿಗೆ ಕಳಿಸಿತು, ಆದರೆ ಕೇಂದ್ರ ನಡೆಸುವ ಅಧಿಕಾರವನ್ನು ಅವಳ ಕೈಗೆ ಪೂರ್ತಿ ಕೊಡಲಿಲ್ಲ.

1946ರ ಭೋರ್ ಸಮಿತಿ ವರದಿ ಹಳ್ಳಿಯ ಆರೋಗ್ಯ ವ್ಯವಸ್ಥೆಗೆ ನಕ್ಷೆ ಬರೆಯಿತು. 1952ರಿಂದ ಸಮುದಾಯ ಅಭಿವೃದ್ಧಿ ಯೋಜನೆಯೊಂದಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳು ತೆರೆದವು. ಅದೇ ದಶಕದಲ್ಲಿ ಹೆರಿಗೆಯನ್ನೇ ಮುಖ್ಯ ಕಸುಬಾಗಿ ಕಲಿತ ಸಹಾಯಕ ದಾದಿಯರು ಊರೂರಿಗೆ ಬಂದರು. 1973ರ ಕರ್ತಾರ್ ಸಿಂಗ್ ಸಮಿತಿ ಅವರನ್ನು ಬಹೂದ್ದೇಶ ಕಾರ್ಯಕರ್ತೆಯರನ್ನಾಗಿ ಮಾಡಿತು. ಹೆರಿಗೆಯ ಜೊತೆಗೆ ಮಲೇರಿಯಾ, ಲಸಿಕೆ, ಕುಟುಂಬ ಯೋಜನೆ ಎಲ್ಲವೂ ಹೆಗಲೇರಿದವು. ಕುಟುಂಬ ಯೋಜನೆಯ ಗುರಿ ಮುಟ್ಟಿಸುವುದೇ ದಾದಿಯ ಅಳತೆಗೋಲಾದ ಆ ಕಾಲದಲ್ಲಿ ಹೆರಿಗೆ ಮಾಡಿಸುವ ಕೈ ಅಭ್ಯಾಸ ತಪ್ಪಿತು. ಗುರಿಯ ಪದ್ಧತಿ 1996ರಲ್ಲಿ ನಿಂತಿತು, ತಪ್ಪಿದ ಅಭ್ಯಾಸ ಅಷ್ಟು ಬೇಗ ಮರಳಲಿಲ್ಲ.

ಆ ದಿನಗಳಲ್ಲಿ ಕೊಪ್ಪಳ, ಯಲಬುರ್ಗಾ ಕಡೆಯ ಜನ ಜೀವಕ್ಕೆ ಬಂದಾಗ ಗದಗ-ಬೆಟಗೇರಿಯ ಮಿಷನ್ ಆಸ್ಪತ್ರೆಗೋ ಹುಬ್ಬಳ್ಳಿಗೋ ಓಡುತ್ತಿದ್ದರು, ಗಂಗಾವತಿಯವರು ಬಳ್ಳಾರಿಗೆ. ಕೊಪ್ಪಳಕ್ಕೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದದ್ದು 2015ರಲ್ಲಿ.

ಡಾ. ಎಚ್. ಸುದರ್ಶನ್ ಅಧ್ಯಕ್ಷತೆಯ ಆರೋಗ್ಯ ಕಾರ್ಯಪಡೆ 2001ರ ವರದಿಯಲ್ಲಿ ಉತ್ತರ ಕರ್ನಾಟಕದ ಕೊರತೆಯನ್ನು ಎತ್ತಿ ಹೇಳಿತು. 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಆಶಾ ಕಾರ್ಯಕರ್ತೆಯರು, ಜನನಿ ಸುರಕ್ಷಾ ಯೋಜನೆ, ದಿನವಿಡೀ ಹೆರಿಗೆ ಮಾಡಿಸುವ ಪ್ರಾಥಮಿಕ ಕೇಂದ್ರಗಳು ಬಂದವು. 2008ರ ನವೆಂಬರ್‌ನಿಂದ 108 ಆಂಬುಲೆನ್ಸ್ ಓಡಾಡತೊಡಗಿತು. ಇವೆಲ್ಲದರ ಫಲ ರಾಜ್ಯದ ಅಂಕಿಯಲ್ಲಿ ಕಾಣುತ್ತದೆ. 2001–03ರಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 228 ಇದ್ದ ತಾಯಂದಿರ ಮರಣ 2018–20ರ ಹೊತ್ತಿಗೆ 69ಕ್ಕೆ ಇಳಿಯಿತು.

ಉಪಕೇಂದ್ರದ ಒಂದು ದಿನ

ಕರ್ನಾಟಕದಲ್ಲಿ ಗುರುವಾರ ಲಸಿಕೆಯ ದಿನ. ಪ್ರಾಥಮಿಕ ಕೇಂದ್ರದಿಂದ ಮಂಜುಗಡ್ಡೆಯ ನಾಲ್ಕು ಪ್ಯಾಕು ಇಟ್ಟ ಡಬ್ಬಿಯಲ್ಲಿ ಲಸಿಕೆ ಬರುತ್ತದೆ. ಅಂಗನವಾಡಿಯ ಮುಂದೆ ತಾಯಂದಿರು ಕೂತಿರುತ್ತಾರೆ, ಕೆಲವರ ಬದಲಿಗೆ ಅಜ್ಜಿಯರು. ತಾಯಿ ನಾಟಿಗೋ ಕಳೆ ತೆಗೆಯಲಿಕ್ಕೋ ಹೋಗಿರುತ್ತಾಳೆ. ಆಶಾ ಕಾರ್ಯಕರ್ತೆ ಹೆಸರಿನ ಪಟ್ಟಿ ಹಿಡಿದು ಬಾರದವರ ಮನೆಗೆ ಓಡುತ್ತಾಳೆ. ಸಿಸ್ಟರ್ ಒಮ್ಮೆ ಮಾತ್ರ ಬಳಸುವ ಸಿರಿಂಜಿನಲ್ಲಿ ಲಸಿಕೆ ಹಾಕಿ, ಸೂಜಿಯನ್ನು ಕಟ್ಟರಿನಲ್ಲಿ ಕತ್ತರಿಸಿ, ತಾಯಿ ಕಾರ್ಡಿನಲ್ಲಿ ತಾರೀಖು ಬರೆದು, ಯಾವ ಲಸಿಕೆ ಹಾಕಿದೆ, ಜ್ವರ ಬಂದರೆ ಏನು ಮಾಡಬೇಕು, ಮುಂದೆ ಯಾವಾಗ ಬರಬೇಕು, ಕಾರ್ಡು ಜೋಪಾನ ಎಂದು ಹೇಳಿ ಅರ್ಧ ಗಂಟೆ ಅಲ್ಲೇ ಕೂರಿಸುತ್ತಾಳೆ. ಮಕ್ಕಳ ಅಳುವಿನ ನಡುವೆ ಒಬ್ಬ ಬಸುರಿಯ ಬಿಪಿ ನೋಡುವುದು, ಇನ್ನೊಬ್ಬ ಮುದುಕನಿಗೆ ಸಕ್ಕರೆ ಗುಳಿಗೆ ಎಣಿಸಿ ಕೊಡುವುದೂ ಆಗುತ್ತದೆ. ಸಂಜೆ ಇದೆಲ್ಲವೂ ರಿಜಿಸ್ಟರಿಗೂ ಮೊಬೈಲ್ ಆ್ಯಪಿಗೂ ಏರಬೇಕು.

ಇಲಾಖೆಯ ಕಾಗದದಲ್ಲಿ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯಾಗಿದ್ದ ಈ ಹುದ್ದೆಯನ್ನು ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎನ್ನುತ್ತಾರೆ. 2018ರ ನಂತರ ಅವರ ಜೊತೆಗೆ ಸಮುದಾಯ ಆರೋಗ್ಯ ಅಧಿಕಾರಿ ಬಂದಿದ್ದಾರೆ, ಸಾಮಾನ್ಯವಾಗಿ ಬಿ.ಎಸ್ಸಿ. ನರ್ಸಿಂಗ್ ಓದಿ ಆರು ತಿಂಗಳ ಹೆಚ್ಚುವರಿ ತರಬೇತಿ ಪಡೆದವರು. ಮೂವತ್ತು ದಾಟಿದವರ ಬಿಪಿ, ಸಕ್ಕರೆ, ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಇವರ ಮುಖ್ಯ ಹೊಣೆ. ವೈದ್ಯರ ಸಲಹೆ ಬೇಕಾದರೆ ಇ-ಸಂಜೀವಿನಿಯಲ್ಲಿ ವಿಡಿಯೊ ಕರೆ. ತಿಂಗಳ ಬಿಪಿ ಗುಳಿಗೆಗೆ ತಾಲ್ಲೂಕಿನವರೆಗೆ ಹೋಗಿ ಒಂದು ದಿನದ ಕೂಲಿ ಕಳೆದುಕೊಳ್ಳುತ್ತಿದ್ದವರಿಗೆ ಇದು ದೊಡ್ಡ ಅನುಕೂಲ. ಈ ಸೀಮೆಯಲ್ಲಿ ಅರ್ಧಕ್ಕೇ ಗುಳಿಗೆ ಬಿಟ್ಟವರಲ್ಲಿ ಎಷ್ಟೋ ಜನರಿಗೆ ಬಸ್ ಚಾರ್ಜು ಮತ್ತು ಕೂಲಿಯ ಲೆಕ್ಕವೇ ಅಡ್ಡಿಯಾಗಿರುತ್ತದೆ, ತಿಳಿವಳಿಕೆಯ ಕೊರತೆ ಎಂದು ಬರೆದುಕೊಳ್ಳುವುದು ಇಲಾಖೆಗೆ ಸುಲಭ ಅಷ್ಟೆ.

ರಕ್ತಹೀನತೆ ಮತ್ತು ಹೆರಿಗೆ

ಬಸುರಿಯ ರಕ್ತದಲ್ಲಿ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಾದರೆ ರಕ್ತಹೀನತೆ, 7ಕ್ಕಿಂತ ಇಳಿದರೆ ಜೀವಕ್ಕೆ ಅಪಾಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತ ಕಡಿಮೆ ಇತ್ತು. ಅದಕ್ಕೂ ಹಿಂದಿನ 2015–16ರ ಸಮೀಕ್ಷೆಯಲ್ಲಿ ಕೊಪ್ಪಳ ಜಿಲ್ಲೆಯ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವಯಸ್ಸಿಗೆ ತಕ್ಕ ಎತ್ತರ ಇರಲಿಲ್ಲ. ಈ ಎರಡಕ್ಕೂ ನಂಟು ಇದೆ: ರಕ್ತವಿಲ್ಲದ ತಾಯಿಗೆ ತೂಕವಿಲ್ಲದ ಕೂಸು.

ಮದ್ದು ಗೊತ್ತಿರುವುದೇ. 60 ಮಿ.ಗ್ರಾಂ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಗುಳಿಗೆ, ದಿನಕ್ಕೊಂದರಂತೆ 180 ದಿನ, ಹೆರಿಗೆಯಾದ ಮೇಲೂ ಅಷ್ಟೇ. ಗುಳಿಗೆ ಉಪಕೇಂದ್ರದಿಂದ ಮನೆಗೆ ಹೋಗುತ್ತದೆ, ಮನೆಯಿಂದ ಹೊಟ್ಟೆಗೆ ಹೋಗುವುದೇ ಕಷ್ಟ. ಬರಿ ಹೊಟ್ಟೆಯಲ್ಲಿ ನುಂಗಿದರೆ ವಾಕರಿಕೆ, ಮಲ ಕಪ್ಪಗಾಗುವುದು, ಮಲಬದ್ಧತೆ. ಜೊತೆಗೆ ಗುಳಿಗೆ ತಿಂದರೆ ಕೂಸು ದಪ್ಪ ಆಗಿ ಹೆರಿಗೆ ಕಷ್ಟವಾಗುತ್ತದೆ, ಕೂಸಿನ ಬಣ್ಣ ಕಪ್ಪಾಗುತ್ತದೆ ಎಂಬ ಮಾತು. ಅದೇ ಅಂಜಿಕೆಯಿಂದ ಎಂಟನೇ ತಿಂಗಳಲ್ಲಿ ಊಟವನ್ನೂ ಕಡಿಮೆ ಮಾಡುವವರಿದ್ದಾರೆ. ನುರಿತ ಸಿಸ್ಟರ್ ಇದಕ್ಕೆ ಭಾಷಣ ಮಾಡುವುದಿಲ್ಲ. ರಾತ್ರಿ ರೊಟ್ಟಿ ಉಂಡ ಮೇಲೆ ಮಲಗುವ ಹೊತ್ತಿಗೆ ನುಂಗು, ಚಹಾದ ಜೊತೆ ಬೇಡ, ಮೇಲೆ ಅರ್ಧ ನಿಂಬೆಹಣ್ಣು ಹಿಂಡಿದ ನೀರು ಕುಡಿ ಎನ್ನುತ್ತಾಳೆ. ಮುಂದಿನ ಸಲ ಬಂದಾಗ ಖಾಲಿ ಹಾಳೆ ತೋರಿಸು ಎನ್ನುತ್ತಾಳೆ. ನುಗ್ಗೆ ಸೊಪ್ಪು, ಪುಂಡಿ ಪಲ್ಯೆ, ಸಜ್ಜಿ ರೊಟ್ಟಿ, ಶೇಂಗಾ ಬೆಲ್ಲ ಈ ಸೀಮೆಯ ಅಡುಗೆಯಲ್ಲೇ ಇವೆ. ಆದರೆ ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಉಣ್ಣುವ ಸೊಸೆಯ ತಟ್ಟೆಗೆ ಎಷ್ಟು ಬಂತು ಎಂಬುದನ್ನು ಕೇಳಬೇಕಾದರೆ ಅತ್ತೆಯನ್ನೂ ಎದುರಿಗೆ ಕೂರಿಸಿಕೊಳ್ಳಬೇಕು.

ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಸಂಶೋಧಕರು 2000ದ ದಶಕದಲ್ಲಿ ಮಹಿಳಾ ಸಮಖ್ಯಾ ಜೊತೆಗೂಡಿ ಕೊಪ್ಪಳದಲ್ಲಿ ಲಿಂಗ ಮತ್ತು ಆರೋಗ್ಯ ಸಮಾನತೆಯ ಯೋಜನೆ ನಡೆಸಿದರು. ಗೀತಾ ಸೇನ್, ಅದಿತಿ ಅಯ್ಯರ್, ಆಶಾ ಜಾರ್ಜ್ ಅದರ ಮುಖ್ಯ ಲೇಖಕಿಯರು. 60 ಹಳ್ಳಿಗಳ ಮನೆಸಮೀಕ್ಷೆಯಿಂದ ಗೊತ್ತಾದ ಒಂದು ಸಂಗತಿ: ಬಡವರ ಮನೆಯಲ್ಲಿ ದೀರ್ಘಕಾಲದ ಕಾಯಿಲೆಗೆ ಚಿಕಿತ್ಸೆ ಕೈಬಿಡುವ ಪ್ರಸಂಗ ಬಂದರೆ ಮೊದಲ ಸರದಿ ಹೆಂಗಸರದು. ತಾಯಂದಿರ ಸಾವಿನ ಹಿಂದಿನ ಕತೆಯನ್ನು ಮನೆಯವರು, ಸೂಲಗಿತ್ತಿ, ದಾದಿ, ವೈದ್ಯರು ಎಲ್ಲರಿಂದಲೂ ಕೇಳಿ ಜೋಡಿಸಿದ ಅಧ್ಯಯನ ಇನ್ನೂ ಕಣ್ಣು ತೆರೆಸುವಂಥದ್ದು. ರಕ್ತಹೀನತೆಯನ್ನು ಬಸುರಿನ ಸಹಜ ಸ್ಥಿತಿ ಎಂದು ಬಿಟ್ಟುಬಿಡುವುದು, ಅಪಾಯದ ಲಕ್ಷಣ ಗುರುತಿಸದೆ ತಡಮಾಡುವುದು, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗಹಾಕುವುದು, ಹೆರಿಗೆ ಬೇಗ ಆಗಲಿ ಎಂದು ಮನೆಯಲ್ಲೇ ಆಕ್ಸಿಟೋಸಿನ್ ಸೂಜಿ ಹಾಕಿಸುವುದು ಅದರಲ್ಲಿ ಕಂಡುಬಂದವು.

ಸೂಜಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕೂಸು ಹುಟ್ಟಿದ ಒಂದು ನಿಮಿಷದೊಳಗೆ ತಾಯಿಯ ತೊಡೆಗೆ ಕೊಡುವ 10 ಯೂನಿಟ್ ಆಕ್ಸಿಟೋಸಿನ್ ರಕ್ತಸ್ರಾವ ತಡೆದು ಜೀವ ಉಳಿಸುತ್ತದೆ. ಅದನ್ನೇ ಕೂಸು ಹುಟ್ಟುವ ಮೊದಲು, ಅಳತೆ ಇಲ್ಲದೆ, ಮನೆಯಲ್ಲಿ ಕೊಟ್ಟರೆ ಗರ್ಭಕೋಶ ಹರಿಯಬಹುದು, ಕೂಸಿಗೆ ಉಸಿರುಕಟ್ಟಬಹುದು. ಇಂಥ ಸೂಜಿ ಹಾಕುತ್ತಿದ್ದ, ವೈದ್ಯ ಪದವಿ ಇಲ್ಲದ ಊರಿನ ಆರೆಂಪಿ ಡಾಕ್ಟರನ್ನು ಜನ ನಂಬಿದ್ದು ಆತ ಕರೆದಾಗ ಬರುತ್ತಿದ್ದ ಎಂಬ ಕಾರಣಕ್ಕೆ. ಆಗ ಸರ್ಕಾರಿ ದಾದಿಯ ಕ್ವಾರ್ಟರ್ಸಿಗೆ ನೀರಿಲ್ಲ, ಕರೆಂಟಿಲ್ಲ, ರಾತ್ರಿ ಒಬ್ಬಳೇ ಓಡಾಡಲು ಧೈರ್ಯವಿಲ್ಲ. ಆಕೆ ತಾಲ್ಲೂಕಿನಿಂದ ಬಸ್ಸಿನಲ್ಲಿ ಬಂದು ಬಸ್ಸಿನಲ್ಲೇ ಹೋಗುತ್ತಿದ್ದಳು. ದಾದಿಯರ ಹೊಣೆಗಾರಿಕೆ ಕುರಿತು ಆಶಾ ಜಾರ್ಜ್ ಕೊಪ್ಪಳದಲ್ಲೇ ನಡೆಸಿದ ಅಧ್ಯಯನ, ಮೆಮೊ ಕೊಟ್ಟು ಸಂಬಳ ಹಿಡಿಯುವ ಆಡಳಿತದಿಂದ ಸೇವೆ ಎಷ್ಟರಮಟ್ಟಿಗೆ ಸುಧಾರಿಸೀತು ಎಂಬ ಪ್ರಶ್ನೆಯನ್ನು ಎತ್ತಿಕೊಂಡಿತ್ತು.

ತವರಿನ ಹೆರಿಗೆ ಇನ್ನೊಂದು ತೊಡಕು. ಚೊಚ್ಚಲ ಬಸುರಿ ಏಳನೇ ತಿಂಗಳ ಕುಬುಸ ಮುಗಿಸಿ ತವರಿಗೆ ಹೋಗುತ್ತಾಳೆ. ಗಂಡನ ಊರಿನ ಸಿಸ್ಟರಿನ ಪಟ್ಟಿಯಲ್ಲಿ ಆಕೆಯ ಹೆಸರಿದೆ, ಆಕೆ ಇಲ್ಲ. ತವರೂರಿನ ಸಿಸ್ಟರಿನ ಮುಂದೆ ಆಕೆ ಇದ್ದಾಳೆ, ಹೆಸರಿಲ್ಲ. ರಕ್ತ ಎಷ್ಟಿತ್ತು, ಹಿಂದೆ ಬಿಪಿ ಏರಿತ್ತೇ ಎಂಬುದಕ್ಕೆ ಇರುವ ಒಂದೇ ಆಧಾರ ತಾಯಿ ಕಾರ್ಡು, ಅದು ಅತ್ತೆಮನೆಯ ಟ್ರಂಕಿನಲ್ಲಿ ಉಳಿದಿರುತ್ತದೆ. ಈಗ ಆನ್‌ಲೈನ್ ನೋಂದಣಿ ಬಂದು ಸಂಖ್ಯೆ ಹೇಳಿದರೆ ವಿವರ ಸಿಗುವಂತಾಗಿದೆ. ಆದರೂ ಇಬ್ಬರು ಆಶಾ ಕಾರ್ಯಕರ್ತೆಯರು ಫೋನಿನಲ್ಲಿ ನಮ್ಮೂರ ಹುಡುಗಿ ನಿಮ್ಮೂರಿಗೆ ಬಂದಾಳ, ನೋಡ್ಕೋರಿ ಎಂದು ಹೇಳಿಕೊಂಡ ಕಡೆ ತಪ್ಪುವುದು ಕಡಿಮೆ.

ದಾದಿಯೇ ದಾದಿಗೆ ಕಲಿಸಿದ್ದು

ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ 2003ರಲ್ಲಿ ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯ ಮತ್ತು ರಾಜ್ಯ ಏಡ್ಸ್ ನಿಯಂತ್ರಣ ಸಂಸ್ಥೆಯ ಸಹಭಾಗಿತ್ವದಲ್ಲಿ ಹುಟ್ಟಿತು. ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಜೊತೆಗೂಡಿ ಅದು ಉತ್ತರದ ಎಂಟು ಜಿಲ್ಲೆಗಳಲ್ಲಿ ನಡೆಸಿದ ಯೋಜನೆ ಸುಕ್ಷೇಮ. ಕೊಪ್ಪಳವೂ ಆ ಎಂಟರಲ್ಲಿ ಒಂದು.

ಅದರ ಮುಖ್ಯ ಪ್ರಯೋಗ ದಾದಿ ಮಾರ್ಗದರ್ಶಕಿಯರದು. ಬಳ್ಳಾರಿ ಮತ್ತು ಗುಲ್ಬರ್ಗಾ ಜಿಲ್ಲೆಗಳ 108 ಪ್ರಾಥಮಿಕ ಕೇಂದ್ರಗಳನ್ನು ಆಯ್ದುಕೊಂಡು, ಅರ್ಧದಷ್ಟು ಕೇಂದ್ರಗಳಿಗೆ ತರಬೇತಾದ 11 ದಾದಿಯರನ್ನು ಸರದಿಯಂತೆ ಕಳಿಸಿದರು. ಅವರು ಇನ್‌ಸ್ಪೆಕ್ಷನ್ ಮಾಡುವ ಅಧಿಕಾರಿಗಳಾಗಿರಲಿಲ್ಲ. ಲೇಬರ್ ರೂಮಿನಲ್ಲಿ ಜೊತೆಗೆ ನಿಂತು, ಹೆರಿಗೆಯ ಹಂತಹಂತವನ್ನು ಕೇಸ್ ಶೀಟಿನಲ್ಲಿ ಬರೆಸಿ, ಔಷಧಿ ಟ್ರೇಯಲ್ಲಿ ಏನಿದೆ ಏನಿಲ್ಲ ಎಂದು ಒಟ್ಟಿಗೆ ನೋಡಿ, ಬಾಣಂತಿಗೆ ರಕ್ತ ಹೋಗತೊಡಗಿದರೆ ಮೊದಲ ಐದು ನಿಮಿಷ ಏನು ಮಾಡಬೇಕೆಂಬುದನ್ನು ಮಾಡಿಯೇ ತೋರಿಸುತ್ತಿದ್ದರು. ಮಾರ್ಗದರ್ಶಕಿಯರು ಹೋದ ಕೇಂದ್ರಗಳ ದಾದಿಯರ ತಿಳಿವಳಿಕೆ, ಕೇಂದ್ರದ ಸಿದ್ಧತೆ, ದಾಖಲೆ ಇಡುವ ಕ್ರಮ ಸುಧಾರಿಸಿದ್ದು ಕಂಡುಬಂತು. ಉಳಿದ ಜಿಲ್ಲೆಗಳಿಗೂ ಕ್ರಮ ಹಬ್ಬಿತು. ತಾಲ್ಲೂಕು ಕೇಂದ್ರದಲ್ಲಿ ಎರಡು ದಿನ ಕೂರಿಸಿ ಪರದೆಯ ಮೇಲೆ ಚಿತ್ರ ತೋರಿಸುವ ತರಬೇತಿಗೂ ಇದಕ್ಕೂ ಅಜಗಜಾಂತರ.

ಕೊಪ್ಪಳ ಮತ್ತು ಬಾಗಲಕೋಟೆಯಲ್ಲಿ ಸುಕ್ಷೇಮ ಸಮುದಾಯದ ಕಡೆಯ ಕೆಲಸವನ್ನು ಪರೀಕ್ಷಿಸಿತು. ಆಶಾ ಕಾರ್ಯಕರ್ತೆ ಮನೆಮನೆ ಎಣಿಸಿ ಒಬ್ಬ ಬಸುರಿಯೂ ಬಿಟ್ಟುಹೋಗದಂತೆ ಬಾಣಂತನದವರೆಗೆ ಹಿಂಬಾಲಿಸುವ ಸರಳ ಪುಸ್ತಕ, ಮನೆಯವರೆಲ್ಲರನ್ನೂ ಕೂರಿಸಿ ಮಾತಾಡುವ ಚಿತ್ರಪಟ, ಊರಿನ ಆರೋಗ್ಯ ನೈರ್ಮಲ್ಯ ಸಮಿತಿ ತನ್ನ ಊರಿನ ಸೇವೆಯನ್ನು ತಾನೇ ನೋಡಿಕೊಳ್ಳುವ ಪಟ್ಟಿ ಇವು ಅದರ ಸಾಧನಗಳು. ಎಣಿಕೆಗೆ ಕೂತಾಗ ಮೊದಲು ಬಿಟ್ಟುಹೋಗುವವರು ಊರಿನಾಚೆಯ ತಾಂಡಾದವರು, ಹೊಲದ ಗುಡಿಸಲಿನವರು, ಕೇರಿಯವರು. ಜಾತಿಯ ಗೆರೆ ಅಷ್ಟು ಗಟ್ಟಿ: 2021ರಲ್ಲಿ ದಲಿತ ಮಗುವೊಂದು ಗುಡಿಯೊಳಗೆ ಹೋಯಿತೆಂದು ದಂಡ ಹಾಕಿದ ಮಿಯಾಪುರ ಇದೇ ಕುಷ್ಟಗಿ ತಾಲ್ಲೂಕಿನದು. ಅಂಗನವಾಡಿ ಯಾವ ಓಣಿಯಲ್ಲಿದೆ, ಸಿಸ್ಟರ್ ಯಾರ ಮನೆಯ ಕಟ್ಟೆಯ ಮೇಲೆ ಕೂತು ಸೂಜಿ ಹಾಕುತ್ತಾಳೆ ಎಂಬುದರ ಮೇಲೆ ಯಾರು ಬರುತ್ತಾರೆ, ಯಾರು ದೂರ ನಿಲ್ಲುತ್ತಾರೆ ಎಂಬುದು ನಿಂತಿದೆ.

ಎಚ್.ಐ.ವಿ.

2000ದ ದಶಕದಲ್ಲಿ ಕೊಪ್ಪಳ ಎಚ್.ಐ.ವಿ. ಹೊರೆ ಹೆಚ್ಚಿದ್ದ ಜಿಲ್ಲೆಗಳಲ್ಲಿ ಒಂದು. ಗುಳೆ, ಲಾರಿ ಹೆದ್ದಾರಿ, ದೇವದಾಸಿ ಪದ್ಧತಿಯ ಉಳಿಕೆ ಮೂರೂ ಇಲ್ಲಿ ಕೂಡಿದ್ದವು. ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿ ರಾಜ್ಯ 1982ರಲ್ಲೇ ಕಾಯ್ದೆ ಮಾಡಿದ್ದರೂ ಪದ್ಧತಿ ಒಂದೇ ಏಟಿಗೆ ಅಳಿಯಲಿಲ್ಲ. ಸಮೂಹ ಮತ್ತು ಸಂರಕ್ಷ ಸಂಸ್ಥೆಗಳು, ಆಮೇಲೆ ಹೆಲ್ತ್ ಪ್ರಮೋಷನ್ ಟ್ರಸ್ಟ್, ಸೋಂಕಿತರಿಗೆ ಆಪ್ತಸಲಹೆ, ಮನೆ ಆರೈಕೆ, ಮದ್ದಿನ ನೆರವು ಒದಗಿಸಿದವು. ದೇಶದಲ್ಲಿ ವೈರಸ್ ಹತ್ತಿಕ್ಕುವ ಉಚಿತ ಎ.ಆರ್.ಟಿ. ಮದ್ದು 2004ರಲ್ಲಿ ಶುರುವಾಯಿತು.

ಉಪಕೇಂದ್ರದ ಸಿಸ್ಟರಿಗೆ ಇದು ಬಾಯಿ ಬಿಗಿಹಿಡಿಯುವ ಕೆಲಸವೂ ಹೌದು. ಬಸುರಿಯರೆಲ್ಲರಿಗೂ ಎಚ್.ಐ.ವಿ. ಪರೀಕ್ಷೆ ಆಗುತ್ತದೆ, ಸೋಂಕಿದ್ದರೆ ಕೂಸಿಗೆ ದಾಟದಂತೆ ಮದ್ದು ಕೊಡಬೇಕು, ಮನೆಗೆ ಹೋಗಿ ವಿಚಾರಿಸಬೇಕು. ಪಕ್ಕದ ಮನೆಯವರಿಗೆ ಗೊತ್ತಾಗಬಾರದು. ಒಬ್ಬಳ ಮನೆಗೆ ಪದೇ ಪದೇ ಹೋದರೆ ಊರಿಗೆ ಅನುಮಾನ; ಅದಕ್ಕೆ ಓಣಿಯ ಎಲ್ಲ ಮನೆಗೂ ಹೋಗುವ ದಾರಿಯನ್ನು ಎಷ್ಟೋ ಕಡೆ ದಾದಿಯರು ಹಿಡಿದಿದ್ದಾರೆ.

ನೀರು

ಯಲಬುರ್ಗಾ, ಕುಷ್ಟಗಿ, ಕೊಪ್ಪಳದ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿ.ಗ್ರಾಂ ದಾಟಿದರೆ ಮಕ್ಕಳ ಹಲ್ಲು ಕಂದು ಗೆರೆ ಕಟ್ಟುತ್ತದೆ. ವರ್ಷಗಟ್ಟಲೆ ಕುಡಿದವರ ಬೆನ್ನು, ಮೊಣಕಾಲು ಬಿಗಿಯುತ್ತವೆ. ಮೊಣಕಾಲು ನೋವಿಗೆ ಪ್ರತಿವಾರ ನೋವಿನ ಸೂಜಿ ಹಾಕಿಸಿಕೊಳ್ಳುವ ರೈತ ಹೆಂಗಸಿನ ಮಗನ ಹಲ್ಲು ನೋಡುವ ದಾದಿಗೆ ಕಾಯಿಲೆಯ ಮೂಲ ಸಿಗುತ್ತದೆ. ಆದರೆ ಅದನ್ನು ತಡೆಯುವ ಮದ್ದು ಅವಳ ಪೆಟ್ಟಿಗೆಯಲ್ಲಿಲ್ಲ, ಗ್ರಾಮ ಪಂಚಾಯಿತಿಯ ಶುದ್ಧ ನೀರಿನ ಘಟಕದಲ್ಲೋ ನದಿ ನೀರಿನ ಪೈಪಿನಲ್ಲೋ ಇದೆ. ಘಟಕಗಳು ಇವೆ, ಕೆಟ್ಟು ನಿಂತವೂ ಇವೆ.

ಪೈಪು ಬಂದರೂ ಮುಗಿಯಲಿಲ್ಲ. 2023ರ ಬೇಸಿಗೆಯ ಕೊನೆಗೆ ಕನಕಗಿರಿ ತಾಲ್ಲೂಕಿನ ಬಸರಿಹಾಳ, ಕುಷ್ಟಗಿ ತಾಲ್ಲೂಕಿನ ಬಿಜಕಲ್ ಗ್ರಾಮಗಳಲ್ಲಿ ಕಲುಷಿತ ನೀರಿನಿಂದ ವಾಂತಿಭೇದಿ ಹಬ್ಬಿ ಸಾವುಗಳಾದವು. ಚರಂಡಿಯ ಪಕ್ಕ ಹಾದ ಪೈಪು ಒಡೆದರೆ ಹೀಗಾಗುವುದು. ಇಂಥ ಹೊತ್ತಿನಲ್ಲಿ ಒಂದೇ ಓಣಿಯಲ್ಲಿ ಎರಡು ದಿನಕ್ಕೆ ಐದು ಮಂದಿಗೆ ಭೇದಿ ಎಂದು ಮೊದಲು ಗೊತ್ತಾಗುವುದು ಆಶಾ ಕಾರ್ಯಕರ್ತೆಗೆ. ಆಕೆಯ ಮಾತಿಗೆ ಅಂದೇ ನೀರು ನಿಲ್ಲಿಸುವ ಅಧಿಕಾರ ಯಾರಿಗಿದೆ ಎಂಬ ಪ್ರಶ್ನೆಗೆ ಆರೋಗ್ಯ ಇಲಾಖೆ ಪಂಚಾಯಿತಿಯತ್ತ ಬೆರಳು ತೋರಿಸುತ್ತದೆ, ಪಂಚಾಯಿತಿ ಎಂಜಿನಿಯರರತ್ತ.

ಮಠ ಮತ್ತು ಪಂಚಾಯಿತಿ

ಆರೋಗ್ಯದ ಮಾತು ಈ ಸೀಮೆಯಲ್ಲಿ ಇಲಾಖೆಯ ಬ್ಯಾನರಿಗಿಂತ ಮಠದ ಅಂಗಳದಿಂದ ಬೇಗ ಮುಟ್ಟುತ್ತದೆ. ಕೊಪ್ಪಳದ ಗವಿಮಠದ ಜಾತ್ರೆಗೆ ಮುನ್ನ ನಡೆಯುವ ಜಾಗೃತಿ ನಡಿಗೆಗೆ ರಕ್ತದಾನ, ಬಾಲ್ಯವಿವಾಹ ತಡೆ, ನೇತ್ರದಾನದಂಥ ವಿಷಯಗಳನ್ನು ಎತ್ತಿಕೊಂಡಿದ್ದಾರೆ. ಕೋವಿಡ್ ಎರಡನೇ ಅಲೆಯಲ್ಲಿ, 2021ರಲ್ಲಿ, ಮಠದ ಕಟ್ಟಡವೇ ಕೋವಿಡ್ ಆಸ್ಪತ್ರೆಯಾಯಿತು. ಬಾಲ್ಯವಿವಾಹ ಇಲ್ಲಿ ಆರೋಗ್ಯದ ಪ್ರಶ್ನೆಯೇ. ಹದಿನಾರಕ್ಕೆ ಮದುವೆಯಾದವಳು ಹದಿನೇಳಕ್ಕೆ ಕಡಿಮೆ ರಕ್ತದ ಬಸುರಿ. ಹೆಣ್ಣುಮಕ್ಕಳನ್ನು ಶಾಲೆಯಲ್ಲಿ ಉಳಿಸುವ ಸ್ಫೂರ್ತಿ ಯೋಜನೆಯನ್ನು ಹೆಲ್ತ್ ಪ್ರಮೋಷನ್ ಟ್ರಸ್ಟ್ ಕೊಪ್ಪಳದಲ್ಲಿ ನಡೆಸಿದ್ದು ಇದೇ ಎಳೆ ಹಿಡಿದು.

ಗ್ರಾಮ ಪಂಚಾಯಿತಿ ಆರೋಗ್ಯ ಅಮೃತ ಅಭಿಯಾನದಲ್ಲಿ ಪಂಚಾಯಿತಿಗಳಿಗೆ ಬಿಪಿ, ಸಕ್ಕರೆ ನೋಡುವ ಕಿಟ್ ಕೊಟ್ಟರು. 2024ರಲ್ಲಿ ರಾಜ್ಯ ಗೃಹ ಆರೋಗ್ಯ ಯೋಜನೆ ಶುರುಮಾಡಿ ಮನೆಬಾಗಿಲಿಗೇ ತಪಾಸಣೆ ಎಂದಿತು. ನಡೆದು ಹೋಗುವ ಕಾಲುಗಳು ಮಾತ್ರ ಅದೇ ದಾದಿ ಮತ್ತು ಆಶಾ ಕಾರ್ಯಕರ್ತೆಯರವು.

ಆನೆಗೊಂದಿಯ ದಂಡೆ

ಹಂಪಿಗಿಂತ ಹಳೆಯ ರಾಜಧಾನಿಯೆಂದು ಹೆಸರಾದ ಆನೆಗೊಂದಿ ಗಂಗಾವತಿಯಿಂದ ಹತ್ತು ಹನ್ನೆರಡು ಕಿ.ಮೀ. ದೂರ. ರಂಗನಾಥ ಗುಡಿ, ಗಗನ ಮಹಲು, ನಡುಗಡ್ಡೆಯ ನವಬೃಂದಾವನ, ಪಂಪಾ ಸರೋವರ, 575 ಮೆಟ್ಟಿಲಿನ ಅಂಜನಾದ್ರಿ ಇವುಗಳಿಂದ ಊರಿಗೆ ವರ್ಷವಿಡೀ ಜನ. ಹನುಮಮಾಲೆ ಧರಿಸಿದವರು ಸಾವಿರಗಟ್ಟಲೆ ಬಂದಾಗ ಬೆಟ್ಟದ ಬುಡದಲ್ಲಿ ತಾತ್ಕಾಲಿಕ ಚಿಕಿತ್ಸಾ ಕೇಂದ್ರ ತೆರೆಯಬೇಕು. ಸುತ್ತಲಿನ ಉಪಕೇಂದ್ರಗಳ ಸಿಬ್ಬಂದಿಯೇ ಅಲ್ಲಿಗೂ ಬರಬೇಕು. ಆ ದಿನಗಳಲ್ಲಿ ಅವರ ಹಳ್ಳಿಯ ಕೆಲಸ ಮುಂದಕ್ಕೆ ಹೋಗುತ್ತದೆ.

ನದಿ ಇಲ್ಲಿ ಎಲ್ಲ ಲೆಕ್ಕವನ್ನೂ ಬದಲಿಸುತ್ತದೆ. ಆಚೆ ದಡದ ತಳವಾರಘಟ್ಟಕ್ಕೆ ಹರಿಗೋಲಿನಲ್ಲಿ ಕೆಲವೇ ನಿಮಿಷ. ಆದರೆ ಇಲ್ಲಿ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿಯಿತು. ನಂತರ ಕಡೇಬಾಗಿಲು–ಬುಕ್ಕಸಾಗರ ನಡುವೆ ಸೇತುವೆಯಾಗಿ ಹೊಸಪೇಟೆಯ ದಾರಿ ಹತ್ತಿರವಾಯಿತು. ಅಣೆಕಟ್ಟೆಯಿಂದ ಲಕ್ಷ ಕ್ಯುಸೆಕ್‌ಗಿಂತ ಹೆಚ್ಚು ನೀರು ಬಿಟ್ಟಾಗ ನವಬೃಂದಾವನ ಮುಳುಗುತ್ತದೆ, ವಿರುಪಾಪುರ ಗಡ್ಡೆ ದ್ವೀಪವಾಗುತ್ತದೆ. 2019ರ ಆಗಸ್ಟ್‌ನಲ್ಲಿ ಅಲ್ಲಿ ಸಿಕ್ಕಿಬಿದ್ದವರನ್ನು ದೋಣಿ, ಹೆಲಿಕಾಪ್ಟರಿನಲ್ಲಿ ತರಬೇಕಾಯಿತು. ದಿನ ತುಂಬಿದ ಬಸುರಿಯರನ್ನು ಮಳೆಗಾಲದಲ್ಲಿ ಮೊದಲೇ ಗಂಗಾವತಿಗೆ ಕಳಿಸುವುದು ಇಂಥ ಊರುಗಳ ಸಿಸ್ಟರಿನ ಮುನ್ನೆಚ್ಚರಿಕೆ.

ಭತ್ತದ ಗದ್ದೆಯಲ್ಲಿ ಹಾವು ಕಡಿತ, ನಿಂತ ನೀರಿನ ಸೊಳ್ಳೆಯಿಂದ ಮಲೇರಿಯಾ, ಡೆಂಗಿ, ಕೀಟನಾಶಕ ಸಿಂಪಡಿಸುವಾಗ ವಿಷ ಮೈಗೇರುವುದು ಇಲ್ಲಿನ ಹಂಗಾಮಿನ ಕಾಯಿಲೆಗಳು. ಹಾವು ಕಡಿದ ಜಾಗಕ್ಕೆ ಬಿಗಿಯಾಗಿ ಹಗ್ಗ ಕಟ್ಟಬೇಡಿ, ಕೊಯ್ಯಬೇಡಿ, ಕಾಲು ಅಲುಗಾಡಿಸದೆ ಕರೆತನ್ನಿ ಎಂಬ ಮೂರು ಮಾತು ನಾಟಿಗೆ ಮುಂಚೆ ಹೇಳಿದರೆ ಒಳ್ಳೆಯದು, ಕಡಿದ ಮೇಲೆ ಯಾರೂ ಕೇಳುವ ಸ್ಥಿತಿಯಲ್ಲಿರುವುದಿಲ್ಲ. 2020ರ ಕೊನೆಯಲ್ಲಿ ಆನೆಗೊಂದಿ ಹತ್ತಿರದ ದುರ್ಗಾಬೆಟ್ಟದ ಸುತ್ತ ಚಿರತೆ ಮನುಷ್ಯರ ಮೇಲೆ ಎರಗಿದಾಗ ಸಂಜೆಯ ಮನೆಭೇಟಿಗಳಿಗೂ ಅಂಜಿಕೆ ಹತ್ತಿತ್ತು.

ಆನೆಗೊಂದಿಯ ಕಿಷ್ಕಿಂಧಾ ಟ್ರಸ್ಟ್ ಬಾಳೆನಾರಿನ ಕೈಕೆಲಸದಿಂದ ಹೆಂಗಸರಿಗೆ ಆದಾಯ ತಂದುಕೊಟ್ಟ ಸಂಸ್ಥೆ. ಅದು ಆರೋಗ್ಯ ಸಂಸ್ಥೆಯಲ್ಲ. ಆದರೆ ಕೈಯಲ್ಲಿ ಸ್ವಂತ ದುಡ್ಡಿರುವ ಹೆಂಗಸು ಗಂಡನನ್ನು ಕೇಳದೆ ಗಂಗಾವತಿಯ ಬಸ್ ಹತ್ತಬಲ್ಲಳು ಎಂಬ ಕಾರಣಕ್ಕೆ ಅದನ್ನು ಇಲ್ಲಿ ನೆನೆಯಬೇಕು.

ಈಗಿನ ಸ್ಥಿತಿ

ಸಮುದಾಯ ಆರೋಗ್ಯ ಅಧಿಕಾರಿಗಳಲ್ಲಿ ಬಹುಪಾಲು ಮಂದಿ ಗುತ್ತಿಗೆಯವರು. ಆಶಾ ಕಾರ್ಯಕರ್ತೆಯರಿಗೆ ಸಂಬಳವಿಲ್ಲ, ಗೌರವಧನ ಮತ್ತು ಕೆಲಸಕ್ಕಿಷ್ಟು ಪ್ರೋತ್ಸಾಹಧನ. ನಿಗದಿತ ಮೊತ್ತಕ್ಕಾಗಿ ಅವರು 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅಹೋರಾತ್ರಿ ಧರಣಿ ಕೂತರು. ಕೊಪ್ಪಳವೂ ಸೇರಿದ ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371(ಜೆ) ವಿಧಿಯಡಿ ಸ್ಥಳೀಯರಿಗೆ ಮೀಸಲಾತಿ ಬಂದ ಮೇಲೆ ಈ ಭಾಗದ ಹೆಣ್ಣುಮಕ್ಕಳು ನರ್ಸಿಂಗ್ ಓದಿ ಇಲ್ಲೇ ಕೆಲಸಕ್ಕೆ ಸೇರುವುದು ಹೆಚ್ಚಾಗಿದೆ. ಊರಿನ ಮಾತಾಡುವ ದಾದಿ ಸಿಗುವುದು ಸಣ್ಣ ಲಾಭವಲ್ಲ.

ಗುಳೆಯ ತೊಡಕು ಮಾತ್ರ ಬಗೆಹರಿದಿಲ್ಲ. ಸುಗ್ಗಿ ಮುಗಿದ ಮೇಲೆ ಕುಷ್ಟಗಿ, ಯಲಬುರ್ಗಾದ ತಾಂಡಾಗಳಲ್ಲಿ ಉಳಿಯುವವರು ಮುದುಕರು ಮತ್ತು ಅವರ ವಶಕ್ಕೆ ಬಿಟ್ಟ ಮಕ್ಕಳು. ಬಿಪಿ ಗುಳಿಗೆಯ ಪಟ್ಟಿಯಲ್ಲಿರುವ ಅರ್ಧ ಹೆಸರು ಬೆಂಗಳೂರಿನ ಯಾವುದೋ ಕಟ್ಟಡದ ಶೆಡ್ಡಿನಲ್ಲಿರುತ್ತದೆ. ಶೆಡ್ಡಿನ ಹತ್ತಿರದ ಸರ್ಕಾರಿ ‘ನಮ್ಮ ಕ್ಲಿನಿಕ್’ನಲ್ಲಿ ಅವರು ಹೊಸಬರು. ಎರಡು ತಿಂಗಳ ಗುಳಿಗೆ ಒಟ್ಟಿಗೆ ಕಟ್ಟಿಕೊಡುವುದು, ಹೊರಡುವ ವಾರದಲ್ಲೇ ಮಕ್ಕಳ ಲಸಿಕೆ ಮುಗಿಸುವುದು, ಮೇಸ್ತ್ರಿಯ ಫೋನ್ ನಂಬರನ್ನು ತಾಯಿ ಕಾರ್ಡಿನ ಹಿಂದೆ ಬರೆದಿಡುವುದು, ಇಂಥವನ್ನು ದಾದಿಯರು ತಾವಾಗಿಯೇ ಮಾಡಬಲ್ಲರು. ಗುಳಿಗೆಯ ದಾಸ್ತಾನು ತಿಂಗಳ ಲೆಕ್ಕದಲ್ಲೇ ಬರುವುದರಿಂದ ಮೊದಲನೆಯದಕ್ಕೆ ಮಾತ್ರ ಪ್ರಾಥಮಿಕ ಕೇಂದ್ರದ ವೈದ್ಯಾಧಿಕಾರಿಯ ಒಪ್ಪಿಗೆ ಬೇಕು.